ಕಾರವಾರದ ಮೆಣಸು, ವಿಜಯದುರ್ಗದ ಗಾಳಿ

ಮೊದಲ ದಿನ

ಬೆಳಗ್ಗೆ ಐದೂವರೆಗೆ ಕಾರವಾರ ಬಿಟ್ಟೆವು, ನಾನು ಮತ್ತು ಅಪ್ಪ. ವಿಜಯದುರ್ಗಕ್ಕೆ ಸುಮಾರು 300 ಕಿಲೋಮೀಟರ್. ಅಪ್ಪ ಮೂವತ್ತು ವರ್ಷ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಮಾಡಿದವರು. ಕೋಟೆ ನೋಡೋಣ ಬನ್ನಿ ಅಂದರೆ ಅವರು ಎದ್ದು ಬರುವವರಲ್ಲ. ಈ ಸಲ ಬಂದದ್ದು ಒಂದು ಮೆಣಸಿನ ಹಡಗಿನ ಕತೆ ಕೇಳಿ.

ಕತೆ ನಮ್ಮೂರಿನದೇ. ಕಾಳಿ ನದಿ ದಂಡೆಯ ಕಡವಾಡದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಅವರಿಗೆ ಬೇಕಿದ್ದದ್ದು ಘಟ್ಟದ ಮೇಲಿನ ಮೆಣಸು. 1712ರ ನವೆಂಬರಿನಲ್ಲಿ ಕೋಠಿಯ ಅಧಿಕಾರಿ ಥಾಮಸ್ ಚೌನ್ ತನ್ನ ಹೆಂಡತಿ ಕ್ಯಾಥರೀನ್ ಜೊತೆ ಮೆಣಸು ತುಂಬಿದ ಹಡಗು ಹತ್ತಿ ಮುಂಬೈಗೆ ಹೊರಟ. ಜೊತೆಯಲ್ಲಿ ಮುಂಬೈ ಗವರ್ನರನ ತೋಪಿದ್ದ ಹಡಗೂ ಇತ್ತು. ದಾರಿಯಲ್ಲಿ ಮರಾಠರ ನೌಕಾನಾಯಕ ಕಾನ್ಹೋಜಿ ಆಂಗ್ರೆಯ ಹಡಗುಗಳು ಅಡ್ಡಗಟ್ಟಿದವು. ಚೌನ್ ಗುಂಡೇಟಿಗೆ ಸತ್ತ. ಎರಡೂ ಹಡಗು ಆಂಗ್ರೆಯ ಪಾಲಾದವು. ಕ್ಯಾಥರೀನಳನ್ನು ಅಲಿಬಾಗ್ ಹತ್ತಿರದ ಕೊಲಾಬಾ ಕೋಟೆಯಲ್ಲಿ ಇಟ್ಟರು. ಕೆಲವು ತಿಂಗಳ ಮೇಲೆ ಕಂಪನಿಯವರು 30,000 ರೂಪಾಯಿ ಕೊಟ್ಟು ಬಿಡಿಸಿಕೊಂಡರು.

ಇದನ್ನು ಹೇಳಿ ಮುಗಿಸಿದಾಗ ಅಪ್ಪ ಕೇಳಿದ್ದು ಒಂದೇ ಮಾತು. "ನವೆಂಬರಲ್ಲಿ ಕಾರವಾರದಿಂದ ಮುಂಬೈಗೆ? ಗಾಳಿ ಎದುರಿಗೇ ಇರ್ತದಲ್ಲ ತಮಾ." ಆಮೇಲೆ ಅವರೇ ಹೇಳಿದರು, ಆ ಆಂಗ್ರೆಯ ಬಂದರು ಎಲ್ಲಿದೆ ತೋರಿಸು ಅಂತ. ಆಂಗ್ರೆಗಳಿಗೆ ಬಂದರು ಬಹಳ ಇದ್ದವು. ನಮಗೆ ಹತ್ತಿರದ ದೊಡ್ಡದು ವಿಜಯದುರ್ಗ.

ಗೋವಾ ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ಕುಡಾಳದಲ್ಲಿ ನಿಲ್ಲಿಸಿ ಘಾವಣೆ ತಿಂದೆವು. ನೋಡಲು ನೀರುದೋಸೆಯ ಹಾಗೇ, ಸ್ವಲ್ಪ ದಪ್ಪ. ಜೊತೆಗೆ ಕಪ್ಪು ಬಟಾಣಿಯ ಉಸಳ. ಅಪ್ಪ ಎರಡು ಸಲ ಹಾಕಿಸಿಕೊಂಡರು. ಕಣಕವಲಿ ದಾಟಿ ತಳೇರೆಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೆವು. ಅಲ್ಲಿಂದ ಸಮುದ್ರಕ್ಕೆ ಇನ್ನೂ ಐವತ್ತು ಕಿಲೋಮೀಟರ್. ಪೆಟ್ರೋಲು, ದುಡ್ಡು ಎರಡನ್ನೂ ಹೆದ್ದಾರಿಯಲ್ಲೇ ನೋಡಿಕೊಂಡಿದ್ದು ಒಳ್ಳೆಯದಾಯಿತು. ಮುಂದೆ ಊರುಗಳು ಸಣ್ಣವು, ಎರಡು ಕಡೆ ಮೊಬೈಲಿನಲ್ಲಿ ಹಣ ಹೋಗಲೇ ಇಲ್ಲ.

ಆ ಐವತ್ತು ಕಿಲೋಮೀಟರ್ ನನಗೆ ತುಂಬ ಇಷ್ಟವಾಯಿತು. ಮೊದಲು ಗೇರು, ಆಮೇಲೆ ಬರೀ ಮಾವು. ಇದು ದೇವಗಡ ತಾಲೂಕು, ಹಾಪುಸಿನ ಸೀಮೆ. ಫೆಬ್ರವರಿ ಎರಡನೇ ವಾರ, ಮರದ ತುಂಬ ಹೂವು. ಕಿಟಕಿ ಇಳಿಸಿದರೆ ಕಾರಿನೊಳಗೆಲ್ಲ ಆ ಪರಿಮಳ. ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲಿನಲ್ಲಿ, ಮಣ್ಣೇ ಇಲ್ಲದ ಕಡೆ, ಬಂಡೆಯನ್ನು ಒಡೆದು ಗುಂಡಿ ಮಾಡಿ ಗಿಡ ನೆಟ್ಟಿದ್ದಾರೆ. ಹಣ್ಣು ಬೇಕಿದ್ದರೆ ಏಪ್ರಿಲ್ ನಂತರ ಬನ್ನಿ ಅಂದರು ಪಡೇಲ್ ಕ್ಯಾಂಟೀನ್ ಸ್ಟಾಪಿನಲ್ಲಿ ಚಹಾ ಕೊಟ್ಟವರು. ಆದರೆ ಕೋಟೆ ನೋಡಬೇಕಾದರೆ ಇದೇ ಹೊತ್ತು ಸರಿ, ಏಪ್ರಿಲಿನಲ್ಲಿ ಆ ಕಲ್ಲಿನ ಮೇಲೆ ಕಾಲಿಡೋಕಾಗಲ್ಲ ಅಂತಲೂ ಹೇಳಿದರು.

ಸಂಜೆ ನಾಲ್ಕಕ್ಕೆ ವಿಜಯದುರ್ಗ. ನಾವು ಉಳಿದದ್ದು ಒಂದು ಮನೆಯ ಮೇಲಿನ ಕೋಣೆಯಲ್ಲಿ. ಇಲ್ಲಿ ಊಟವನ್ನು ಮೊದಲೇ ಹೇಳಬೇಕು, ಎಷ್ಟು ಜನ, ಯಾವ ಮೀನು ಅಂತ. ಆ ಮನೆಯ ಅಜ್ಜಿ ಬಂಗಡೆ ತಿಖಲೆ ಮಾಡಿಕೊಟ್ಟರು, ಅಕ್ಕಿ ಭಾಕರಿ, ಸೋಲ್‌ಕಡಿ ಜೊತೆಗೆ. ತಿಖಲೆಯಲ್ಲಿ ತಿರ್ಫಳದ ಘಾಟು. ಅಪ್ಪ ಮೂಸಿ ನೋಡಿ, "ನಮ್ಮ ಅಜ್ಜಿಯ ಸಾರು" ಅಂದರು. ಅಪ್ಪನ ಕೊಂಕಣಿ, ಅಜ್ಜಿಯ ಮಾಲವಣಿ ಹೇಗೋ ಹೊಂದಿಕೊಂಡವು.

ಎರಡನೇ ದಿನ

ಏಳು ಗಂಟೆಗೇ ಕೋಟೆಗೆ ಹೋದೆವು. ಮೂರು ಕಡೆ ನೀರು, ಪೂರ್ವಕ್ಕೆ ಮಾತ್ರ ನೆಲ. ಆ ನೆಲಕ್ಕೂ ಕೋಟೆಗೂ ನಡುವೆ ಮೊದಲು ಕಂದಕವಿತ್ತು, ಈಗ ಮುಚ್ಚಿಹೋಗಿದೆ. ಹೊರಗಿನಿಂದ ನೋಡಿದರೆ ದೊಡ್ಡ ಬಾಗಿಲು ಕಾಣುವುದೇ ಇಲ್ಲ. ಗೋಡೆಯ ಪಕ್ಕ ನಡೆದು, ತಿರುಗಿ, ಮತ್ತೆ ತಿರುಗಿದಾಗ ಎದುರಿಗೆ ಬರುತ್ತದೆ. ಹಾಗೆ ತಿರುಗುವಾಗ ತಲೆಯ ಮೇಲೆ ಬುರುಜು. ಒಳಗೆ ನುಗ್ಗುವವನು ಆನೆ ತಂದರೂ ಓಡಿಸಿಕೊಂಡು ಬರುವಷ್ಟು ಜಾಗ ಸಿಗುವುದಿಲ್ಲ. ಬಾಗಿಲ ಹತ್ತಿರ ತೋಪಿನ ಗುಂಡುಗಳಿವೆ. ಒಂದನ್ನು ಎತ್ತಲು ನೋಡಿದೆ, ಸರಿಯಲಿಲ್ಲ.

ಇದನ್ನು ಮೊದಲು ಕಟ್ಟಿಸಿದವನು ಶಿಲಾಹಾರರ ಎರಡನೇ ಭೋಜ, 1200ರ ಆಸುಪಾಸಿನಲ್ಲಿ ಎನ್ನುತ್ತಾರೆ. ಆಮೇಲೆ ನಮ್ಮ ವಿಜಯಪುರದ ಆದಿಲಶಾಹಿಗಳ ಕೈಗೆ ಬಂತು. ಆಗ ಇದರ ಹೆಸರು ಘೇರಿಯಾ. ಪಕ್ಕದ ಗಿರ್ಯೆ ಊರಿನಿಂದ ಬಂದ ಹೆಸರು. 17ನೇ ಶತಮಾನದ ನಡುವೆ ಶಿವಾಜಿ ಗೆದ್ದು ವಿಜಯದುರ್ಗ ಅಂದ. ಮೂರು ಸುತ್ತು ಗೋಡೆ, 27 ಬುರುಜು. ಇಂಗ್ಲಿಷರ ಕಾಗದಗಳಲ್ಲಿ ಮಾತ್ರ ಕೊನೆಯವರೆಗೂ ಘೇರಿಯಾ ಎಂದೇ ಇದೆ.

ಪಶ್ಚಿಮದ ಗೋಡೆಯ ಮೇಲೆ ನಿಂತಾಗ ಅಪ್ಪನಿಗೆ ಆಂಗ್ರೆಯ ವಿಷಯ ಪೂರ್ತಿ ಹೇಳಿದೆ. ಕಾನ್ಹೋಜಿ ಮರಾಠರ ನೌಕಾಪಡೆಯ ಮುಖ್ಯಸ್ಥ, ಸರ್ಖೇಲ್ ಅನ್ನುವುದು ಅವನ ಬಿರುದು. 1713-14ರಲ್ಲಿ ಛತ್ರಪತಿ ಶಾಹುವಿನ ಕಡೆ ಸೇರಿದಾಗ ಆ ಬಿರುದು, ಕೋಟೆಗಳು ಎಲ್ಲ ಗಟ್ಟಿಯಾದವು. ಅವನ ನೀರಿನಲ್ಲಿ ಓಡಾಡುವ ವ್ಯಾಪಾರಿ ಹಡಗು ಅವನ ದಸ್ತಕ ಕೊಂಡಿರಬೇಕು. ದಸ್ತಕ ಅಂದರೆ ಪರವಾನಗಿ ಚೀಟಿ. ಚೀಟಿ ಇದ್ದರೆ ದಾರಿ ಬಿಡುತ್ತಿದ್ದ, ಇಲ್ಲದಿದ್ದರೆ ಹಡಗು ಹಿಡಿಯುತ್ತಿದ್ದ.

"ಇದು ಅವನು ಹುಟ್ಟಿಸಿದ್ದಾ?" ಅಪ್ಪ ಕೇಳಿದರು.

ಅಲ್ಲ. ಅವನಿಗಿಂತ ಇನ್ನೂರು ವರ್ಷ ಮೊದಲೇ ಪೋರ್ಚುಗೀಸರು ಇದೇ ಕರಾವಳಿಯಲ್ಲಿ ಕಾರ್ತಾಜ್ ಅಂತ ಚೀಟಿ ಮಾರುತ್ತಿದ್ದರು. ಅದಿಲ್ಲದ ಹಡಗನ್ನು ಹಿಡಿಯುತ್ತಿದ್ದರು, ಸುಡುತ್ತಿದ್ದರು. ಇಂಗ್ಲಿಷರೂ ತಮ್ಮ ಪಾಸು ಕೊಡುತ್ತಿದ್ದರು. ಊರಿನ ವ್ಯಾಪಾರಿಯ ಸರಕಿಗೆ ತಮ್ಮ ಬಾವುಟ ಹಾಕಿ, ಇದು ನಮ್ಮದು, ಮುಟ್ಟಬೇಡ ಅನ್ನುತ್ತಿದ್ದರು. ಕಾನ್ಹೋಜಿ ಅದನ್ನು ಒಪ್ಪಲಿಲ್ಲ. ಜಗಳ ಶುರುವಾದದ್ದೇ ಅಲ್ಲಿ. ಯುರೋಪಿನಲ್ಲಿ ಆ ಕಾಲಕ್ಕೆ ರಾಜನ ಪತ್ರ ಹಿಡಿದು ಶತ್ರುವಿನ ಸರಕಿನ ಹಡಗು ಹಿಡಿಯುವ ಕ್ಯಾಪ್ಟನ್ನುಗಳಿದ್ದರು. ಅವರನ್ನು ಅವರವರ ದೇಶದಲ್ಲಿ ವೀರರು ಎಂದರು. ಅದೇ ಕೆಲಸವನ್ನು ಸರ್ಖೇಲ್ ಮಾಡಿದರೆ ಕಡಲ್ಗಳ್ಳ. ನಮ್ಮ ಶಾಲೆಯ ಪಾಠದಲ್ಲೂ ನಾನು ಆ ಮಾತನ್ನೇ ಓದಿದ್ದೆ. ಈ ಗೋಡೆಯ ಮೇಲೆ ನಿಂತು ನೋಡಿದರೆ ಆ ಮಾತು ನಾಲಿಗೆಗೆ ಬರುವುದಿಲ್ಲ. ಕಳ್ಳನೊಬ್ಬ ಇಷ್ಟು ಕಟ್ಟಿ ಕಾಯುತ್ತಾನಾ? ಹಾಗಂತ ಅವರ ಕೈಗೆ ಸಿಕ್ಕಿದ ನಾವಿಕರ ಪಾಡು ಸುಖದ್ದಾಗಿರಲಿಲ್ಲ. ಕಡವಾಡದಿಂದ ಹೊರಟ ಆ ಹೆಂಗಸಿನ ಮುಖ ನನ್ನ ಕಣ್ಣ ಮುಂದೆ ಬರುತ್ತಲೇ ಇತ್ತು.

ಈ ಗೋಡೆಯ ಮುಂದೆ ಬಂದು ಸೋತವರ ಪಟ್ಟಿ ದೊಡ್ಡದು. 1720ರಲ್ಲಿ ಇಂಗ್ಲಿಷರು ಇದಕ್ಕೆಂದೇ ಮುಂಬೈಯಲ್ಲಿ ತೇಲುವ ತೋಪುಖಾನೆ ಕಟ್ಟಿಸಿ ತಂದರು. ಅದರ ಹೆಸರು ಫ್ರಾಮ್. ಕೆಲಸ ಆಗಲಿಲ್ಲ. ಮರುವರ್ಷ ಕೊಲಾಬಾದ ಮೇಲೆ ಪೋರ್ಚುಗೀಸರ ಜೊತೆ ಸೇರಿ ಹೋದರು, ಅಲ್ಲೂ ಆಗಲಿಲ್ಲ. 1724ರಲ್ಲಿ ಡಚ್ಚರು ಏಳು ದೊಡ್ಡ ಹಡಗು ತಂದು ಇಲ್ಲಿ ಗುಂಡು ಹಾರಿಸಿ ವಾಪಸ್ ಹೋದರು. ಗೋಡೆಯಲ್ಲಿ ಈಗಲೂ ಗುಂಡು ಬಿದ್ದ ಗುರುತು ಕಾಣುತ್ತದೆ. ಒಂದು ಕುಳಿಯಲ್ಲಿ ಮುಷ್ಟಿ ಇಟ್ಟೆ. ಮಣಿಕಟ್ಟಿನವರೆಗೆ ಹೋಯಿತು, ಅಷ್ಟೇ. ಒಳಗೆ ತಣ್ಣಗಿತ್ತು, ಯಾವುದೋ ಹುಳು ಮಣ್ಣಿನ ಗೂಡು ಕಟ್ಟಿತ್ತು.

ಅದಕ್ಕಿಂತ ಜಾಸ್ತಿ ಪೆಟ್ಟು ಈಗ ಮರಗಳದ್ದು. ಆಲದ ಬೇರು ಗೋಡೆಯೊಳಗೆ ಇಳಿದು ಕಲ್ಲನ್ನು ಹೊರಕ್ಕೆ ನೂಕುತ್ತಿದೆ. ಸಮುದ್ರದ ಕಡೆ ಕೆಲವು ಜಾಗದಲ್ಲಿ ಕಲ್ಲು ಜಾರಿದೆ. ಬರೀ ಸುಣ್ಣ ಹಾಕಿ ಕಟ್ಟಿ, ತೋಪಿಗೆ ಬಗ್ಗದ ಗೋಡೆ ಅದು. ನೋಡಿ ಹೊಟ್ಟೆ ಉರಿಯಿತು.

ಒಳಗೆ ದಾರಿ ಇದ್ದಲ್ಲಿ ಇದೆ, ಇಲ್ಲದಲ್ಲಿ ಮುಳ್ಳು. ಖಲಬತಖಾನೆ (ಸಮಾಲೋಚನೆಯ ಕೋಣೆ), ಧಾನ್ಯದ ಕೋಠಾರ, ನೀರಿನ ಕೊಳ ಎಲ್ಲ ನೋಡಬೇಕಾದರೆ ಮೂರು ಗಂಟೆ ಬೇಕು. ಕುಡಿಯುವ ನೀರು ಹೊತ್ತುಕೊಂಡೇ ಹೋಗಬೇಕು. ನಾವು ಒಂದೇ ಬಾಟಲಿ ಒಯ್ದಿದ್ದೆವು, ಹತ್ತು ಗಂಟೆಗೆ ಖಾಲಿ. ಒಂದು ಕಡೆ ಕಟ್ಟೆಯಂಥ ಜಾಗವಿದೆ, ಸಾಹೇಬರ ಕಟ್ಟೆ ಅನ್ನುತ್ತಾರೆ. 1868ರ ಆಗಸ್ಟ್ 18ರ ಸೂರ್ಯಗ್ರಹಣ ನೋಡಲು ಕಟ್ಟಿದ್ದಂತೆ. ಆ ಗ್ರಹಣದ ಹೊತ್ತಿಗೆ ಹೀಲಿಯಂ ಅನಿಲ ಪತ್ತೆಯಾಯಿತೆಂಬ ಕತೆಯನ್ನು ಊರಿನ ಹುಡುಗರು ಬಹಳ ಹೆಮ್ಮೆಯಿಂದ ಹೇಳಿದರು.

ಇಳಿಯುವಾಗ ಅಪ್ಪನ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಕಲ್ಲು ಆಗಲೇ ಕಾದಿತ್ತು. ನನ್ನದನ್ನು ಕೊಟ್ಟೆ, ಅವರ ಕಾಲಿಗೆ ಸಣ್ಣದಾಯಿತು. ಒಂದೊಂದೇ ನೆರಳು ಹುಡುಕಿಕೊಂಡು ಜೆಟ್ಟಿಯ ಹತ್ತಿರ ಬಂದೆವು. ಅಲ್ಲಿ ಒಬ್ಬ ಹಿರಿಯರು ಬಲೆ ಹೆಣೆಯುತ್ತ ಕೂತಿದ್ದರು. ಕೇಳುವ ಮೊದಲೇ ಚಪ್ಪಲಿಗೆ ಕೈ ಚಾಚಿದರು. ಬಾಯಲ್ಲಿ ನೀಲಿ ನೈಲಾನ್ ದಾರ ಕಚ್ಚಿ ಹಿಡಿದು, ದಬ್ಬಳದಿಂದ ತೂತು ಮಾಡಿ, ಬಲೆಗೆ ಹಾಕುವ ಗಂಟನ್ನೇ ಹಾಕಿದರು. ಎಂಟು ಗಂಟು. ಕೊನೆಯದನ್ನು ಬೀಡಿಯ ಬೆಂಕಿಗೆ ಹಿಡಿದು ಕರಗಿಸಿ ಹೆಬ್ಬೆರಳಿನಿಂದ ಒತ್ತಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಕಾರವಾರದಲ್ಲಿ ಈಗ ಬಂಗಡೆ ಹೇಗಿದೆ ಅಂತ ಕೇಳಿದರು. ಅಪ್ಪ ಅಲ್ಲೇ ಕೂತರು. ಇಬ್ಬರೂ ಒಂದು ಗಂಟೆ ಬರೀ ಮೀನಿನ ಮಾತು.

ಏಳುವ ಮೊದಲು ಆ ಹಿರಿಯರು ಸಮುದ್ರದ ಕಡೆ ಕೈ ತೋರಿಸಿ, ನೀರಿನೊಳಗೆ ಇನ್ನೊಂದು ಗೋಡೆ ಇದೆ ಅಂದರು. ಮುಳುಗುವವರು ಇಳಿದು ಅಳತೆ ಮಾಡಿದ್ದಾರೆ. ಸುಮಾರು 122 ಮೀಟರ್ ಉದ್ದ, 7 ಮೀಟರ್ ಅಗಲ, 3 ಮೀಟರ್ ಎತ್ತರ. ತಿಳಿಯದೆ ಬಂದ ಶತ್ರು ಹಡಗು ಅದಕ್ಕೆ ತಗಲಿ ತಳ ಒಡೆದುಕೊಳ್ಳುತ್ತಿತ್ತು ಎಂದು ಊರಲ್ಲೆಲ್ಲ ಹೇಳುತ್ತಾರೆ. "ನಿಮ್ಮ ಆಂಗ್ರೆ ಹಡಗು ತಗಲ್ತಿರಲಿಲ್ವಾ?" ಅಪ್ಪ ಕೇಳಿದರು. ಅವರು ಅಂಗೈಯನ್ನು ನೀರಿನ ಮೇಲೆ ಸವರುವಂತೆ ಅಡ್ಡ ಆಡಿಸಿ ತೋರಿಸಿದರು. ತಳ ಚಪ್ಪಟೆ ಅಂತ.

ಮೂರನೇ ದಿನ

ಗಿರ್ಯೆಯ ಗೋದಿ, ಅಂದರೆ ಹಡಗು ರಿಪೇರಿ ಮಾಡುತ್ತಿದ್ದ ಕಲ್ಲಿನ ತೊಟ್ಟಿ, ನೋಡಬೇಕಾದರೆ ಇಳಿತದ ಹೊತ್ತಿಗೆ ಹೋಗಬೇಕು. ನಾನು ಮೊಬೈಲಿನಲ್ಲಿ ನೋಡಿದ ಹೊತ್ತು ತಪ್ಪಿತ್ತು, ಬೇರೆ ಯಾವುದೋ ಬಂದರಿನದು. ಹೋದಾಗ ಭರತ, ಅರ್ಧ ಗೋದಿ ನೀರಿನಲ್ಲಿ. ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಅಲ್ಲಿದ್ದ ಹುಡುಗನನ್ನು ಕೇಳಿ, ಎರಡು ಗಂಟೆ ಬಿಟ್ಟು ಬರೋಣ ಅಂದರು. ಇಲ್ಲಿ ಮೊಬೈಲಿಗಿಂತ ಜೆಟ್ಟಿಯವರನ್ನು ಕೇಳುವುದೇ ಸರಿ.

ಆ ಎರಡು ಗಂಟೆಯಲ್ಲಿ ರಾಮೇಶ್ವರ ದೇವಸ್ಥಾನಕ್ಕೆ ಹೋದೆವು. ಬಂಡೆ ಕಡಿದು ಮಾಡಿದ ದಾರಿಯಲ್ಲಿ ಇಳಿದು ಹೋಗಬೇಕು. ಹೊರಗಿನ ಬಿಸಿಲಿನಿಂದ ಅಲ್ಲಿಗೆ ಇಳಿದರೆ ಮೈ ತಣ್ಣಗಾಗುತ್ತದೆ. ಅಂಗಳದಲ್ಲಿ ಕಾನ್ಹೋಜಿಯ ಮಗ ಸಂಭಾಜಿ ಆಂಗ್ರೆಯ ಸಮಾಧಿ ಇದೆ. 1729ರಲ್ಲಿ ಕಾನ್ಹೋಜಿ ತೀರಿಕೊಂಡ ಮೇಲೆ ಮಕ್ಕಳು ಜಗಳವಾಡಿ ಬೇರೆಯಾದರು. ಮಾನಾಜಿ ಕೊಲಾಬಾದಲ್ಲಿ, ಸಂಭಾಜಿ ಈ ಕಡೆ. 1735ರ ಕೊನೆಗೆ ಡರ್ಬಿ ಎಂಬ ಇಂಗ್ಲಿಷ್ ಕಂಪನಿಯ ದೊಡ್ಡ ಹಡಗನ್ನು ಹಿಡಿದವನು ಈ ಸಂಭಾಜಿಯೇ. ಅದರಲ್ಲಿ ಮುಂಬೈಗೆ ಹೋಗುತ್ತಿದ್ದ ಖಜಾನೆ ಇತ್ತು. ಸಮಾಧಿಯ ಮೇಲೆ ಯಾರೋ ನಾಲ್ಕು ದಾಸವಾಳ ಇಟ್ಟಿದ್ದರು.

ನೀರು ಇಳಿದ ಮೇಲೆ ಗೋದಿ ಕಂಡಿತು. ಬಂಡೆಯನ್ನೇ ಕಡಿದು ಮಾಡಿದ ತೊಟ್ಟಿ, ನೂರು ಮೀಟರಿಗಿಂತ ಉದ್ದ. ಭರತದಲ್ಲಿ ಹಡಗು ಒಳಗೆ ತರುವುದು, ಇಳಿತದಲ್ಲಿ ತಳ ಕೆರೆದು, ಸಂದು ತುಂಬಿ, ಎಣ್ಣೆ ಹಚ್ಚುವುದು. ಅಪ್ಪ ಪ್ಯಾಂಟು ಮಡಚಿ ಕೆಸರಿಗೆ ಇಳಿದರು. ಬಂಡೆಯ ಗೋಡೆಗೆ ಬೆನ್ನು ಕೊಟ್ಟು ಅಳತೆ ಹಾಕಿದರು, ಎಷ್ಟು ಹಡಗು ಒಟ್ಟಿಗೆ ನಿಲ್ಲಬಹುದು ಅಂತ. ನಾನು ಆಂಗ್ರೆಯ ಗುರಾಬು, ಗಲಬತ ಎಂಬ ಹಡಗುಗಳ ಲೆಕ್ಕ ಹೇಳಿದೆ. ಗುರಾಬು ಎರಡು ಮೂರು ಕೂವೆಯದು, ದೊಡ್ಡದಾದರೆ 300 ಟನ್ನು, ಮೂತಿಯಲ್ಲಿ ಮುಂದಕ್ಕೆ ಮುಖ ಮಾಡಿದ ಎರಡು ತೋಪು. ಗಲಬತ ಸಣ್ಣದು, ನಲವತ್ತು ಐವತ್ತು ಹುಟ್ಟು. ಗಾಳಿ ಬಿದ್ದಾಗ ಗಲಬತಗಳು ಹಗ್ಗ ಕಟ್ಟಿ ಗುರಾಬನ್ನು ಎಳೆಯುತ್ತಿದ್ದವು. ದೊಡ್ಡ ಯುರೋಪಿಯನ್ ಹಡಗು ಗಾಳಿ ಇಲ್ಲದೆ ಅಲುಗದೆ ನಿಂತಿರುವಾಗ ಇವು ಅದರ ಬೆನ್ನ ಹಿಂದೆ ಬರುತ್ತಿದ್ದವು. ಪಕ್ಕದಲ್ಲಿ ಸಾಲು ತೋಪಿದ್ದರೂ ಹಿಂದೆ ಕಮ್ಮಿ ಅಲ್ವಾ.

"ಬೆಳಗಿನ ಹೊತ್ತು ಹಿಡೀತಿದ್ರು," ಅಪ್ಪ ಖಂಡಿತವಾಗಿ ಹೇಳಿದರು. "ಭೂಮಿ ಗಾಳಿ ನಿಂತು ಸಮುದ್ರದ ಗಾಳಿ ಏಳೋದ್ರೊಳಗೆ. ಆ ಎರಡು ತಾಸು ಪಟ ಇದ್ದೂ ಇಲ್ಲದ ಹಾಗೆ."

ಮಧ್ಯಾಹ್ನ ಊಟಕ್ಕೆ ತಿಸ್ರೆ ಸುಕ್ಕ, ಹುರಿದ ಇಸ್ವಾಣ. ಒಂದೂವರೆಗೆ ಸಣ್ಣ ದೋಣಿಯಲ್ಲಿ ಹೊರಗೆ ಹೋದೆವು. ಮಳೆಗಾಲದಲ್ಲಿ ಇದು ಸಾಧ್ಯವೇ ಇಲ್ಲ. ದೋಣಿಯವನು ಖಾಡಿಯ, ಅಂದರೆ ಹಿನ್ನೀರಿನ, ಬಾಯಿಯಲ್ಲಿ ಇಂಜಿನ್ ನಿಲ್ಲಿಸಿದ. ಆಗಲೇ ವಾಯವ್ಯದ ಗಾಳಿ ಎದ್ದಿತ್ತು, ದೋಣಿ ತಾನಾಗೇ ಕೋಟೆಯ ಕಡೆ ಜರುಗಲು ಶುರುಮಾಡಿತು.

1756ರ ಫೆಬ್ರವರಿ 12ರಂದು ಅಡ್ಮಿರಲ್ ವಾಟ್ಸನ್ ಕಾದದ್ದು ಈ ಗಾಳಿಗೇ. ಆಗ ಕೋಟೆಯ ಯಜಮಾನ ಸಂಭಾಜಿಯ ತಮ್ಮ ತುಳಾಜಿ. ಅವನು ಪೇಶ್ವೆಯ ಮಾತೂ ಕೇಳುತ್ತಿರಲಿಲ್ಲ, ಮರಾಠರ ಕರಾವಳಿಗೂ ಅವನ ಕಾಟ ತಪ್ಪಿರಲಿಲ್ಲ. ಬಾಳಾಜಿ ಬಾಜಿರಾವ್ ಪೇಶ್ವೆ ಅವನನ್ನು ಬಗ್ಗಿಸಲು ಇಂಗ್ಲಿಷರನ್ನೇ ಕರೆದ. ಹಿಂದಿನ ವರ್ಷ ಕಮೊಡೋರ್ ಜೇಮ್ಸ್ ಸುವರ್ಣದುರ್ಗ ಹಿಡಿದಿದ್ದ. ಈಗ ನೀರಿನಲ್ಲಿ ವಾಟ್ಸನ್, ಇಳಿಯುವ ಸೈನಿಕರ ಜೊತೆ ರಾಬರ್ಟ್ ಕ್ಲೈವ್, ನೆಲದ ಕಡೆ ಪೇಶ್ವೆಯ ದಂಡು. ತುಳಾಜಿ ಸಂಧಾನಕ್ಕೆಂದು ಮರಾಠರ ಬಿಡಾರಕ್ಕೆ ಹೋಗಿದ್ದ. ಕೋಟೆಯಲ್ಲಿ ಅವನ ಮನೆಯವರಿದ್ದರು.

ಮಧ್ಯಾಹ್ನದ ಗಾಳಿಗೆ ಕೆಂಟ್, ಕಂಬರ್ಲೆಂಡ್, ಟೈಗರ್, ಸಾಲಿಸ್ಬರಿ ಇವೆಲ್ಲ ಸಾಲಾಗಿ ಒಳಗೆ ಬಂದವು. ಆಂಗ್ರೆಯ ಹಡಗುಗಳು ಕೋಟೆಯ ಆಸರೆಯಲ್ಲಿ ಒತ್ತೊತ್ತಾಗಿ ಕಟ್ಟಿ ನಿಂತಿದ್ದವು. ಅವುಗಳ ನಡುವೆ ರೆಸ್ಟೊರೇಷನ್ ಎಂಬ ಹಡಗು, 1749ರಲ್ಲಿ ತುಳಾಜಿ ಇಂಗ್ಲಿಷರಿಂದಲೇ ಹಿಡಿದು ತಂದದ್ದು. ಸಿಡಿಗುಂಡು ಬಿದ್ದು ಬೆಂಕಿ ಹತ್ತಿದ್ದು ಅದಕ್ಕೇ. ಅಲ್ಲಿಂದ ಪಕ್ಕದ ಗುರಾಬಿಗೆ, ಅದರಿಂದ ಇನ್ನೊಂದಕ್ಕೆ. ಕಾನ್ಹೋಜಿಯ ಕಾಲದಿಂದ ಕಟ್ಟಿಕೊಂಡು ಬಂದ ಪಡೆ ಒಂದು ಸಂಜೆಯಲ್ಲಿ ಸುಟ್ಟುಹೋಯಿತು.

ಅಪ್ಪ ದೋಣಿಯ ಅಂಚು ಹಿಡಿದು ಕೂತಿದ್ದರು. "ಗಾಳಿ ಈ ಕಡೆಯಿಂದ ಬೀಸ್ತಿರುವಾಗ ಹಡಗನ್ನ ಖಾಡಿಯೊಳಗೆ ಒಂದಕ್ಕೊಂದು ತಾಗಿಸಿ ಯಾಕೆ ನಿಲ್ಲಿಸಿದ್ರು?" ಅಂದರು. ಬಂದರಿನಲ್ಲಿ ಒಂದು ಬೋಟಿಗೆ ಬೆಂಕಿ ಬಿದ್ದರೆ ಮೊದಲು ಹಗ್ಗ ಕಡಿದು ಅದನ್ನು ದೂರ ನೂಕಬೇಕು. ಅದು ಅವರು ಕೈಯಾರೆ ಮಾಡಿದ ಕೆಲಸ. ಗುಂಡಿನ ಮಳೆಯಲ್ಲಿ ಹಗ್ಗ ಕಡಿಯಲು ಯಾರು ಹೋಗಬೇಕಿತ್ತು? ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ದೋಣಿಯವನು ಹುಟ್ಟು ಹಾಕಿ ಬಂಡೆಯಿಂದ ದೂರ ಸರಿಸಿದ.

ಅದೇ ರಾತ್ರಿ ಕ್ಲೈವ್ ಸೈನಿಕರನ್ನು ಇಳಿಸಿದ, ಮರಾಠರ ದಂಡು ಮೊದಲು ಒಳಗೆ ಹೋಗದ ಹಾಗೆ. 13ರಂದು ಕೋಟೆ ಬಿತ್ತು. ಸುಮಾರು 10 ಲಕ್ಷ ರೂಪಾಯಿ ಸಿಕ್ಕಿತು. ಅದನ್ನು ಇಂಗ್ಲಿಷರು ತಮ್ಮೊಳಗೇ ಹಂಚಿಕೊಂಡರು, ಕರೆದ ಪೇಶ್ವೆಗೆ ಪಾಲಿಲ್ಲ. ಕೋಟೆಯನ್ನೂ ತಕ್ಷಣ ಬಿಡಲಿಲ್ಲ. ಅಕ್ಟೋಬರಿನಲ್ಲಿ ಬದಲಿಗೆ ಬಾಣಕೋಟ ಬಂದರನ್ನು ಬರೆಸಿಕೊಂಡ ಮೇಲೆ ಬಿಟ್ಟರು. ತುಳಾಜಿ ಪೇಶ್ವೆಯ ಸೆರೆಯಲ್ಲೇ ಸತ್ತ. ವಾಟ್ಸನ್, ಕ್ಲೈವ್ ಇಬ್ಬರೂ ಆ ವರ್ಷವೇ ಬಂಗಾಳಕ್ಕೆ ಹೋದರು. ಮುಂದಿನ ವರ್ಷ ಪ್ಲಾಸಿ. ಹಿಂದೆ ಇಂಗ್ಲಿಷರು, ಡಚ್ಚರು ಸಮುದ್ರದಿಂದ ಎಷ್ಟು ಬಡಿದರೂ ಬೀಳದ ಕೋಟೆ ಪೇಶ್ವೆಯ ಕರೆಯಿಂದ ಬಿತ್ತು. ನನಗೆ ಈ ಊರಿನಲ್ಲಿ ಅತಿ ಹೆಚ್ಚು ಬೇಜಾರು ಕೊಟ್ಟ ಸಂಗತಿ ಅದು.

ಸಂಜೆ ಧುಳಪರ ವಾಡೆಯ ಕಡೆ ನಡೆದೆವು. ಆಂಗ್ರೆಗಳ ನಂತರ ಪೇಶ್ವೆಯ ಆರ್ಮಾರ (ನೌಕಾಪಡೆ) ನೋಡಿಕೊಂಡವರು ಧುಳಪರು. 1783ರ ಏಪ್ರಿಲಿನಲ್ಲಿ ಆನಂದರಾವ್ ಧುಳಪ ರೇಂಜರ್ ಎಂಬ ಇಂಗ್ಲಿಷ್ ಹಡಗನ್ನು ಹಿಡಿದು ಇದೇ ಬಂದರಿಗೆ ತಂದ. 1818ರಲ್ಲಿ ಪೇಶ್ವೆಯ ಆಳ್ವಿಕೆಯ ಜೊತೆ ಎಲ್ಲ ಮುಗಿಯಿತು. ಜೆಟ್ಟಿಯಲ್ಲಿ ಬಲೆಯ ಹಿರಿಯರು ಮತ್ತೆ ಸಿಕ್ಕಿದರು. ಚಪ್ಪಲಿ ಹೇಗಿದೆ ಅಂತ ಕಾಲು ಎತ್ತಿಸಿ ನೋಡಿದರು.

ನಾಲ್ಕನೇ ದಿನ

ಅಜ್ಜಿ ಒಂದು ಕಿಲೋ ಕೋಕಂ ಕಟ್ಟಿಕೊಟ್ಟರು. ಬೆಳಗ್ಗೆ ಆರಕ್ಕೇ ಹೊರಟೆವು, ಬಿಸಿಲಿಗೆ ಮೊದಲು ಹೆದ್ದಾರಿ ಸೇರೋಣ ಅಂತ. ಸಾವಂತವಾಡಿಯಲ್ಲಿ ಚಹಾ, ಗೋವಾದಲ್ಲಿ ಒಂದು ಗಂಟೆ ಟ್ರಾಫಿಕ್ಕು. ದಾರಿಯಲ್ಲಿ ಅಪ್ಪ ಹೆಚ್ಚು ಮಾತಾಡಲಿಲ್ಲ, ನಡುನಡುವೆ ನಿದ್ದೆ ಮಾಡಿದರು.

ಮೂರು ಗಂಟೆಗೆ ಕಾಳಿ ಸೇತುವೆ. ಅಪ್ಪ ಎಚ್ಚರಾಗಿದ್ದರು. ಕಡವಾಡದ ಕಡೆ ಒಂದು ಸಲ ನೋಡಿ, ಕಿಟಕಿ ಪೂರ್ತಿ ಇಳಿಸಿ, ಕೈ ಹೊರಗೆ ಚಾಚಿ ಬೆರಳು ಬಿಡಿಸಿ ಹಿಡಿದರು.

"ವಾಯವ್ಯ," ಅಂದರು. "ಈಗ ಹೊರಟಿದ್ರೆ ಮೂಗಿಗೇ ಗಾಳಿ. ರಾತ್ರಿ ಭೂಮಿ ಗಾಳಿ ಎದ್ದ ಮೇಲೆ ದಂಡೆ ಹಿಡಿದೇ ಹೋಗಬೇಕಿತ್ತು ಅವರು. ದಂಡೆಯ ತುಂಬ ಆಂಗ್ರೆ."